ಇಬ್ಬರು ಬೀಗಿತ್ತಿಯರು, ಒಂದು ಉದ್ದನೆಯ ಲೆನ್ಸು

ಮಗಳ ಮದುವೆಯಾಗಿ ಎರಡು ವರ್ಷವಾದರೂ ಟೈಲರಮ್ಮನಿಗೆ ಬೀಗಿತ್ತಿಯ ಜೊತೆಗಿನ ಮಾತು ‘ಚೆನ್ನಾಗಿದೀರಾ’, ‘ಚೆನ್ನಾಗಿದೀನಿ’ ಅನ್ನುವಷ್ಟರಲ್ಲೇ ಮುಗಿಯುತ್ತಿತ್ತು. ಜಗಳವೇನೂ ಆಗಿರಲಿಲ್ಲ. ಇಬ್ಬರ ನಡುವೆ ಇದ್ದದ್ದು ಒಂದು ಕೋಟಿನ ತೋಳು. ಅಳಿಯನ ಮದುವೆಯ ಕೋಟನ್ನು ಹೊಲಿದವಳು ಟೈಲರಮ್ಮನೇ. ಅದನ್ನು ತೊಟ್ಟು ಅವನು ಬಂದು ನಿಂತಾಗ ಅವನ ತಾಯಿ ನಾಲ್ಕು ಜನರ ಎದುರಿಗೆ, ‘ತೋಳು ಒಂದು ಚೂರು ಉದ್ದ ಆಯ್ತೇನೋ’ ಅಂದುಬಿಟ್ಟಿದ್ದರು. ಒಂದಿಡೀ ಬೀದಿಗೆ ಬಟ್ಟೆ ಹೊಲಿದುಕೊಟ್ಟು, ತನ್ನ ಸ್ವಂತ ಹೆಸರನ್ನೇ ಜನ ಮರೆತು ‘ಟೈಲರಮ್ಮ’ ಎಂದು ಕರೆಯುವಷ್ಟು ಹೆಸರು ಮಾಡಿದವಳಿಗೆ ಆ ಮಾತು ಸೂಜಿಯ ಹಾಗೆ ಚುಚ್ಚಿತ್ತು. ಸೂಜಿ ಚುಚ್ಚಿದ್ದು ಮಾರನೆಯ ದಿನಕ್ಕೆ ಮಾಯುತ್ತದೆ. ಇದು ಮಾಯಲಿಲ್ಲ.

ಬೀಗಿತ್ತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರು. ಆ ವರ್ಷ ನಿವೃತ್ತರಾದಾಗ ಜೊತೆಯವರು ಸೇರಿ ಒಂದು ಕ್ಯಾಮೆರಾ ಕೊಟ್ಟರು. ಜನರ ಒಳಗಿನದನ್ನೆಲ್ಲ ತೆಗೆದದ್ದು ಸಾಕು, ಇನ್ನು ಹೊರಗಿನದನ್ನು ತೆಗೆಯಿರಿ ಎಂದು ನಗೆಯಾಡಿದರು. ಆದರೆ ಬೀಗಿತ್ತಿಗೆ ಮನುಷ್ಯರ ಸಹವಾಸ ಸಾಕಾಗಿತ್ತು. ಅವರ ಕಣ್ಣೆಲ್ಲ ಊರಾಚೆಯ ಹಿನ್ನೀರಿನ ಹಕ್ಕಿಗಳ ಮೇಲೆ; ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಇವೆ ಎಂದು ಎಲ್ಲರೂ ಹೇಳುವ, ಆದರೆ ಯಾರೂ ಸರಿಯಾಗಿ ನೋಡಿರದ ನೀರುನಾಯಿಗಳ ಮೇಲೆ. ಕ್ಯಾಮೆರಾದ ಜೊತೆ ಬಂದ ಗಿಡ್ಡ ಲೆನ್ಸಿನಲ್ಲಿ ಆಚೆದಡದ ಬೆಳ್ಳಕ್ಕಿ ತೆಗೆದರೆ ನೆಲದ ಮೇಲೆ ಚೆಲ್ಲಿದ ಅಕ್ಕಿಕಾಳಿನಂತೆ ಕಾಣುತ್ತಿತ್ತು.

‘ಅಮ್ಮಾ, ಅತ್ತೆ ದೂರದ್ದು ತೆಗೆಯೋ ದೊಡ್ಡ ಲೆನ್ಸ್ ತಗೋಬೇಕಂತೆ’ ಎಂದು ಮಗಳು ಫೋನು ಮಾಡಿದಳು. ‘ಶನಿವಾರ ನಮ್ಮಿಬ್ಬರಿಗೂ ಕೆಲಸ ಇದೆ. ನೀನು ಜೊತೆಗೆ ಹೋಗಿ ಬಾ.’

‘ಲೆನ್ಸಿಗೂ ನನಗೂ ಏನೇ ಸಂಬಂಧ?’

‘ಸಂಬಂಧ ಇರೋದು ಲೆನ್ಸಿಗಲ್ಲ, ನಿಮ್ಮಿಬ್ಬರಿಗೆ. ಹೋಗು.’

ಟೈಲರಮ್ಮ ಮುಖ ಊದಿಸಿಕೊಂಡೇ ಹೋದಳು. ಕ್ಯಾಮೆರಾ ಅಂಗಡಿಯವನು ತೆಳ್ಳಗಿನ ಮನುಷ್ಯ. ಲೆನ್ಸುಗಳನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ತರುತ್ತಿದ್ದ. ಗಾಜಿನ ಬೀರುವಿನಲ್ಲಿ ಕೊಡಪಾನದಷ್ಟು ದಪ್ಪದ ಒಂದು ಲೆನ್ಸು ಒಬ್ಬಂಟಿಯಾಗಿ ಕೂತಿತ್ತು. ‘ಅದು ರಾಜ’ ಎಂದ. ‘ಆದರೆ ಜೂಮ್ ಇಲ್ಲ. ಒಂದೇ ದೂರಕ್ಕೆ ಕಟ್ಟಿಟ್ಟದ್ದು. ಪ್ರಾಣಿ ಹತ್ತಿರ ಬಂದರೆ ನೀವೇ ಹಿಂದಕ್ಕೆ ಓಡಬೇಕು.’

‘ನನ್ನ ವಯಸ್ಸಲ್ಲಿ ಓಡೋದು ಬೇಡ’ ಎಂದರು ಬೀಗಿತ್ತಿ.

ಅವನು ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಮೂರು ಜೂಮ್ ಲೆನ್ಸುಗಳನ್ನು ಸಾಲಾಗಿ ಇಟ್ಟ. ಒಂದು ಹಗುರ, ನಾನೂರು ಮಿಲಿಮೀಟರಿನವರೆಗೆ ಎಳೆಯುವಂಥದ್ದು. ಉಳಿದೆರಡು ಆರುನೂರರವರೆಗೆ. ಆ ಎರಡರಲ್ಲಿ ಒಂದರ ಉಂಗುರ ತಿರುಗಿಸಿದರೆ ಆಮೆಯ ಕತ್ತಿನ ಹಾಗೆ ಮೂತಿ ಹೊರಕ್ಕೆ ಬರುತ್ತಿತ್ತು. ಇನ್ನೊಂದು ಮೊದಲಿನಿಂದಲೇ ಉದ್ದ. ಎಷ್ಟು ತಿರುಗಿಸಿದರೂ ಇದ್ದಷ್ಟೇ ಇರುತ್ತಿತ್ತು.

‘ಹಗುರದ್ದೇ ಸಾಕು’ ಎಂದರು ಬೀಗಿತ್ತಿ. ಹಾಗೆ ಅಂದರೂ ಕಣ್ಣು ಮಾತ್ರ ಉದ್ದದ್ದರ ಮೇಲೇ ಇತ್ತು. ಅಂಗಡಿಯವನು ನಕ್ಕು, ಬಾಗಿಲಲ್ಲಿ ನಿಂತು ನೋಡಿ ಬನ್ನಿ ಎಂದು ಒಂದೊಂದನ್ನೇ ಕ್ಯಾಮೆರಾಕ್ಕೆ ಹಾಕಿಕೊಟ್ಟ. ಬೀದಿಯ ತುದಿಯಲ್ಲಿ ಔಷಧದ ಅಂಗಡಿಯ ಬೋರ್ಡಿನ ಮೇಲೆ ಒಂದು ಪಾರಿವಾಳ ಕೂತಿತ್ತು. ಬೀಗಿತ್ತಿ ನೋಡಿದರು. ‘ನೀವೂ ನೋಡಿ’ ಎಂದು ಟೈಲರಮ್ಮನಿಗೆ ಕೊಟ್ಟರು.

ನಾನೂರರಲ್ಲಿ ಟೈಲರಮ್ಮನಿಗೆ ಪಾರಿವಾಳ ಕಂಡಿತು. ಆರುನೂರರಲ್ಲಿ ಅವಳು ಬಾಗಿಲಿಗೆ ಒರಗಿ ಸುಮಾರು ಹೊತ್ತು ನಿಂತಳು.

‘ಪಾಪ, ಕಾಲಿಗೆ ದಾರ ಸುತ್ಕೊಂಡಿದೆ’ ಎಂದಳು. ‘ನೈಲಾನ್ ದಾರ. ನೀಲಿ.’

ಬೀಗಿತ್ತಿ ಕ್ಯಾಮೆರಾ ಕಸಿದುಕೊಂಡು ನೋಡಿದರು. ಹೌದು, ಇತ್ತು. ಹಗುರದ್ದರ ಮಾತು ಅಲ್ಲಿಗೇ ಮುಗಿಯಿತು. ಮೂತಿ ಉದ್ದವಾಗುವುದೋ ಉದ್ದವಾಗದ್ದೋ ಎಂಬುದಷ್ಟೇ ಉಳಿಯಿತು.

‘ಮೂತಿ ಚಾಚಿದಾಗ ಭಾರ ಮುಂದಕ್ಕೆ ಹೋಗುತ್ತೆ, ಕೈ ತೂಗುತ್ತೆ’ ಎಂದ ಅಂಗಡಿಯವನು. ‘ಇದು ಚೀಲದಲ್ಲಿ ಜಾಸ್ತಿ ಜಾಗ ತಗೊಳ್ಳುತ್ತೆ, ಆದರೆ ಹಿಡಿದರೆ ಹಿಡಿದ ಹಾಗೇ ಇರುತ್ತೆ. ಒಂದು ಮಾತು ಮುಂಚೆನೇ ಹೇಳ್ತೀನಿ. ಎಳೆದಷ್ಟೂ ಬೆಳಕು ಕಮ್ಮಿ. ಮುಂಜಾನೆ ಮಬ್ಬಲ್ಲಿ ಚಿತ್ರ ಸ್ವಲ್ಪ ಕಾಳುಕಾಳಾಗಿ ಬರುತ್ತೆ.’

‘ಕಾಳು ಬಂದರೆ ಬರಲಿ. ಅಲ್ಲಾಡಬಾರದು, ಅಷ್ಟೆ’ ಎಂದರು ಬೀಗಿತ್ತಿ. ‘ಅಲ್ಲಾಡಬೇಡಿ, ಉಸಿರು ಹಿಡೀರಿ ಅಂತ ಹೇಳೀ ಹೇಳೀ ನನ್ನ ಸರ್ವಿಸೇ ಮುಗೀತು.’

ಉದ್ದವಾಗದ್ದೇ ಮನೆಗೆ ಬಂತು.

ಮೊದಲ ಭಾನುವಾರ ಹಿನ್ನೀರಿಗೆ ಹೋದಾಗಲೂ ಟೈಲರಮ್ಮ ಜೊತೆಗಿದ್ದಳು. ಬೀಗಿತ್ತಿಯೇ ಕರೆದಿದ್ದರು; ಒಬ್ಬರೇ ಹೋಗಲು ಮಗ ಬಿಡುತ್ತಿರಲಿಲ್ಲ. ಮಧ್ಯಾಹ್ನ ಮರದಡಿ ಕೂತು ಅಷ್ಟೂ ಚಿತ್ರಗಳನ್ನು ತಿರುವಿ ಹಾಕಿದರು.

‘ಇದೇನು?’

‘ಬೆಳ್ಳಕ್ಕಿ.’

‘ಎಲ್ಲಿ?’

‘ಹಾರಿಹೋಯ್ತು. ಇದು ಅದು ಕೂತಿದ್ದ ಜಾಗ.’

‘ಮತ್ತೆ ಇದು?’

ಬೀಗಿತ್ತಿ ಕನ್ನಡಕ ಸರಿಮಾಡಿಕೊಂಡರು. ‘ಇದರಲ್ಲಿ ಹಕ್ಕಿ ಇದೆ. ಆದರೆ ನಾನು ಅಲ್ಲಾಡಿದೀನಿ. ಇಲ್ಲ, ಹಕ್ಕಿ ಅಲ್ಲಾಡಿದೆ.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಟೈಲರಮ್ಮನ ನಾಲಗೆಯ ತುದಿಗೆ ಬಂದಿತ್ತು. ಸಂಬಂಧ ನೆನೆದು ನುಂಗಿಕೊಂಡಳು. ಆದರೆ ನೆಲವೂ ಸ್ವಲ್ಪ ಡೊಂಕೇ ಇತ್ತು. ಆರುನೂರಕ್ಕೆ ಎಳೆದ ಲೆನ್ಸಿನಲ್ಲಿ ಕಾಣುವ ಜಗತ್ತು ಸೂಜಿಗಣ್ಣಿನಷ್ಟೇ. ಹಕ್ಕಿ ಎಲ್ಲಿದೆ ಎಂದು ಹುಡುಕುವುದರೊಳಗೆ ಅದು ಮೂರು ಊರು ದಾಟಿರುತ್ತಿತ್ತು.

ಹೋಗುತ್ತ ಹೋಗುತ್ತ ಇಬ್ಬರಿಗೂ ಹದ ಸಿಕ್ಕಿತು. ಮೊದಲು ಜೂಮ್ ಪೂರ್ತಿ ಹಿಂದಕ್ಕೆ ಬಿಟ್ಟು ಅಗಲಕ್ಕೆ ನೋಡುವುದು, ಹಕ್ಕಿಯನ್ನು ನಡುವಿಗೆ ತಂದುಕೊಂಡು ಆಮೇಲೆ ಎಳೆಯುವುದು. ಲೆನ್ಸಿನೊಳಗಿನ ಯಂತ್ರ ಕೈನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ರೆಕ್ಕೆಯನ್ನಲ್ಲ. ಅದು ಹಾರುವಾಗ ಶಟರ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಬೇಕು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿಯೇ ಕುದಿಯುವ ಹಾಗೆ ನಡುಗುತ್ತದೆ. ಆಗ ಎಂಥ ಲೆನ್ಸಿದ್ದರೂ ಅಷ್ಟೆ, ಬುತ್ತಿ ಬಿಚ್ಚುವುದೇ ವಾಸಿ. ಟೈಲರಮ್ಮ ಬರಿಗಣ್ಣಲ್ಲಿ ಹುಡುಕಿ ಹೇಳುವವಳು, ಬೀಗಿತ್ತಿ ತೆಗೆಯುವವರು. ‘ಒಣಗಿದ ಮರ, ಎಡಗಡೆ ಕೊಂಬೆ, ಗುಂಡಿ ಹಾಕಿದ ಹಾಗೆ ಕೂತಿದೆ ನೋಡಿ, ಮಿಂಚುಳ್ಳಿ.’ ‘ಸಿಕ್ತು.’ ಇಬ್ಬರ ಮಾತು ಈಗ ‘ಚೆನ್ನಾಗಿದೀರಾ’ದಿಂದ ಬಹಳ ಮುಂದೆ ಬಂದಿತ್ತು. ನೀರುನಾಯಿ ಮಾತ್ರ ಕಂಡಿರಲಿಲ್ಲ. ಕೆಸರಿನಲ್ಲಿ ಅವುಗಳ ಹೆಜ್ಜೆ ಕಾಣುತ್ತಿತ್ತು, ಬಂಡೆಯ ಮೇಲೆ ಮೀನಿನ ಹುರುಪೆ ಕಾಣುತ್ತಿತ್ತು. ಅವು ಮಾತ್ರ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಬೀಗಿತ್ತಿ ನೆವ ಹೇಳಲು ಶುರುಮಾಡಿದರು. ಒಂದು ವಾರ ಬೆಳಕು ಸರಿಯಿಲ್ಲ ಎಂದರು, ಇನ್ನೊಂದು ವಾರ ತಮ್ಮ ಕಾರಿನ ಸದ್ದು ಸರಿಯಿಲ್ಲ ಎಂದರು. ಟೈಲರಮ್ಮನಿಗೆ ಕಸಿವಿಸಿಯಾಯಿತು. ತಾನೇನಾದರೂ ಮಾತು ಮೀರಿದೆನೇ? ಅವರಿಗೆಂದು ಜೇಬುಗಳಿರುವ ಒಂದು ಹಸಿರು ಜಾಕೆಟ್ ಹೊಲಿದುಕೊಡುವ ಮನಸ್ಸು ಮಾಡಿದ್ದಳು. ಅಳತೆಯ ನೆಪದಲ್ಲಿ ಟೇಪು ಹಿಡಿದು ಅವರ ಮನೆಗೇ ಹೋದಳು.

‘ಕೈ ಮೇಲೆತ್ತಿ.’

ಎಡಗೈ ಎದ್ದಿತು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಬೀಗಿತ್ತಿಯ ಮುಖ ಬಿಳಿಚಿಕೊಂಡಿತು.

‘ಎಷ್ಟು ದಿನದಿಂದ?’

‘ಸುಮಾರು ದಿನ ಆಯ್ತು. ಭುಜ ಹಿಡ್ಕೊಂಡಿದೆ. ಭಾರ ಎತ್ತಬೇಡಿ ಅಂದಿದಾರೆ ಡಾಕ್ಟರು.’

‘ಎಕ್ಸ್‌ರೇ ತೆಗೆಸಿದ್ರಾ?’

‘ತೆಗೆಸಿದೆ. ನನ್ನ ಜಾಗಕ್ಕೆ ಬಂದಿರೋ ಹುಡುಗಿ. ಕೈ ಇನ್ನೂ ಪಳಗಬೇಕು’ ಎಂದು ಬೀಗಿತ್ತಿ ಕುರ್ಚಿಯಲ್ಲಿ ಕೂತರು. ‘ಲೆನ್ಸು ಮಾರಿಬಿಡ್ತೀನಿ ಬೀಗ್ರೇ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲು ಹೋಯ್ತು. ಯಾರಿಗೂ ಹೇಳಬೇಡಿ. ಮಗನಿಗೆ ಗೊತ್ತಾದರೆ ಕಾರಿನ ಕೀಲೀನೂ ಕಿತ್ಕೋತಾನೆ’ ಎಂದರು.

ಟೈಲರಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ‘ಕೈ ಎತ್ತಕ್ಕೆ ಆಗಲ್ಲ ಅಂತ ಕಣ್ಣು ಯಾಕೆ ಮುಚ್ಚಬೇಕು? ಭಾರ ನೀವೇ ಹೊರಬೇಕು ಅಂತ ಎಲ್ಲಿದೆ? ಕಾರು ಹೊರಲಿ.’

ಮನೆಗೆ ಬಂದವಳೇ ಗಟ್ಟಿ ಕ್ಯಾನ್ವಾಸ್ ಬಟ್ಟೆ ಹಾಸಿ ಕತ್ತರಿಸಿದಳು. ಹೊಲಿದು ಮುಗಿಸಿದಾಗ ಅದು ದಪ್ಪ ಮಗುವಿನ ಚಡ್ಡಿಯ ಹಾಗಿತ್ತು. ಎರಡು ಕಾಲು, ನಡುವೆ ಮೆತ್ತನೆಯ ದಿಂಬು. ಕಾಲುಗಳಿಗೆ ಒಣಬಟಾಣಿ ತುಂಬಿ ಬಾಯಿ ಹೊಲಿದಳು. ಕಾರಿನ ಕಿಟಕಿಯ ಗಾಜು ಅರ್ಧ ಇಳಿಸಿ ಅದನ್ನು ಅಂಚಿನ ಮೇಲೆ ಕೂರಿಸಿದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಲೆನ್ಸನ್ನು ಅದರ ಮೇಲೆ ಮಲಗಿಸಿದರೆ ತೊಟ್ಟಿಲಲ್ಲಿ ಮಲಗಿದಂತೆ ನಿಂತಿತು. ಬೀಗಿತ್ತಿ ಬೆರಳೊಂದನ್ನೇ ಆಡಿಸಿದರೆ ಸಾಕಿತ್ತು.

ಮುಂದಿನ ಭಾನುವಾರ ಕಾರು ನೀರಿನೊಳಕ್ಕೆ ಚಾಚಿದ್ದ ದಿಬ್ಬದ ಮೇಲೆ ನಿಂತಿತು. ಎಂಜಿನ್ ಬಂದ್. ನಡೆದಾಡುವ ಮನುಷ್ಯರನ್ನು ಕಂಡರೆ ಹಾರಿಹೋಗುತ್ತಿದ್ದ ಹಕ್ಕಿಗಳು ಸುಮ್ಮನೆ ನಿಂತ ಕಾರನ್ನು ಬಂಡೆಯಂತೆ ಕಡೆಗಣಿಸಿದವು. ಬೀಗಿತ್ತಿ ತಮ್ಮ ಕಿಟಕಿಯಿಂದ ಒಂದು ಗುಳುಮುಳುಕ ಹಕ್ಕಿಯನ್ನು ತೆಗೆಯುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಮುಳುಗಿತು, ಮತ್ತೆ ಏಳಲಿಲ್ಲ. ಅದರ ಜಾಗದಲ್ಲಿ ಚಪ್ಪಟೆ ತಲೆಯೊಂದು ಎದ್ದಿತು. ಪಕ್ಕದಲ್ಲಿ ಇನ್ನೊಂದು.

ಬೀಗಿತ್ತಿ ಗುಂಡಿ ಒತ್ತುವಷ್ಟರಲ್ಲಿ ತಲೆಗಳು ಮುಳುಗಿ, ಗುಳ್ಳೆಗಳ ಸಾಲೊಂದು ದಿಬ್ಬವನ್ನು ಬಳಸಿ ಕಾರಿನ ಮೂತಿಯ ಮುಂದೆಯೇ ಹಾದು ಆಚೆಬದಿಗೆ, ಟೈಲರಮ್ಮನ ಕಿಟಕಿಯ ಕಡೆಗೆ ಹೊರಟಿತು.

‘ನಿಮ್ಮ ಕಡೆ ಬರ್ತಿವೆ’ ಎಂದು ಬೀಗಿತ್ತಿ ಪಿಸುಗುಟ್ಟಿದರು. ಬಟಾಣಿ ಚಡ್ಡಿ ಈ ಕಿಟಕಿಯಿಂದ ಆ ಕಿಟಕಿಗೆ ಹೋಯಿತು. ಹಿಂದೆಯೇ ಲೆನ್ಸು; ಟೈಲರಮ್ಮ ಗೇರಿನ ಮೇಲಿಂದ ಬಾಗಿ ಅದನ್ನು ಎತ್ತಿಕೊಂಡಳು. ಅವಳ ಮೊಣಕೈ ಹಾರನ್ನಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತು.

‘ತಗೊಳ್ಳಿ, ನೀವೇ ತೆಗೀರಿ.’

‘ನಾನಾ? ನಾನು ಒಂದು ಸಲಾನೂ ಒತ್ತಿಲ್ಲ.’

‘ನನ್ನ ಕೈ ಅಲ್ಲೀವರೆಗೆ ಬರಲ್ಲ. ನೀವೇ.’

ಟೈಲರಮ್ಮ ಕಣ್ಣಿಟ್ಟಳು. ಬರೀ ಜೊಂಡು. ಜೂಮ್ ಹಿಂದಕ್ಕೆ ತಿರುಗಿಸಿದಳು. ಜೊಂಡಿನ ನಡುವೆ ಕೆಸರಿನ ದಡ, ದಡದ ಮೇಲೆ ತಾಯಿ ನೀರುನಾಯಿ, ಅದರ ಮೈಯಿಂದ ನೀರು ಸೋರುತ್ತಿತ್ತು. ಮೆಲ್ಲಗೆ ಎಳೆದುಕೊಂಡಳು. ಕೆಳಗೆ ನೀರಿನಲ್ಲಿ ಒಂದು ಮರಿ ದಡ ಹತ್ತಲಾರದೆ ಜಾರಿ ಜಾರಿ ಬೀಳುತ್ತಿತ್ತು. ಟೈಲರಮ್ಮ ಗುಂಡಿಯ ಮೇಲೆ ಬೆರಳಿಟ್ಟಳು.

‘ಉಸಿರು ಹಿಡೀರಿ’ ಎಂದಿತು ಬೀಗಿತ್ತಿಯ ದನಿ. ಮೆತ್ತಗಿನ, ಆದರೆ ಎದುರಾಡಲಾಗದ ಆಸ್ಪತ್ರೆಯ ದನಿ. ‘ಅಲ್ಲಾಡಬೇಡಿ.’

ಟೈಲರಮ್ಮ ಅಲ್ಲಾಡಲಿಲ್ಲ. ತಾಯಿ ಬಗ್ಗಿ ಮರಿಯ ಕತ್ತನ್ನು ಬಾಯಲ್ಲಿ ಹಿಡಿದು ಮೇಲಕ್ಕೆತ್ತಿತು. ಒತ್ತಿದ ಬೆರಳು ಒತ್ತಿದಂತೆಯೇ ಇತ್ತು. ಕ್ಯಾಮೆರಾ ಹೊಲಿಗೆ ಯಂತ್ರ ಓಡಿದ ಹಾಗೆ ಟಕಟಕ ಓಡಿತು. ಮರಿ ದಡದ ಮೇಲೆ ಬಂದು ಮೈ ಕೊಡವಿತು. ತಾಯಿ ಒಮ್ಮೆ ನೇರ ಕಾರಿನತ್ತ ನೋಡಿ ಜೊಂಡಿನೊಳಗೆ ನುಗ್ಗಿತು.

‘ಇನ್ನು ಬಿಡಬಹುದು’ ಎಂದರು ಬೀಗಿತ್ತಿ.

ಟೈಲರಮ್ಮ ಉಸಿರು ಬಿಟ್ಟಳು, ನಕ್ಕಳು. ನಗುತ್ತ ನಗುತ್ತ ಕಣ್ಣು ಒದ್ದೆಯಾಯಿತು. ಬೀಗಿತ್ತಿ ತಮ್ಮ ಕರವಸ್ತ್ರ ಕೊಟ್ಟರು. ಅಲ್ಲೇ ಕಾರಿನಲ್ಲಿ ಕೂತು ಒಂದೊಂದೇ ಚಿತ್ರ ನೋಡಿದರು. ಹೆಚ್ಚಿನವುಗಳಲ್ಲಿ ಬಾಲವಿತ್ತು, ಇಲ್ಲವೇ ಜೊಂಡಿತ್ತು. ಒಂದು ಕಡೆ ಬೀಗಿತ್ತಿಯ ಬೆರಳು ನಿಂತಿತು. ತಾಯಿಯ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಮರಿಯ ಕಾಲ್ಬೆರಳಿನಿಂದ ಬೀಳಲಿದ್ದ ಹನಿ ಬೀಳದೆ ನಿಂತಿತ್ತು.

‘ಹಿಂದೆ ನಾನು ಒಂದು ಮಾತು ಅಂದಿದ್ದೆ, ಕೋಟಿನ ವಿಷಯಕ್ಕೆ’ ಎಂದರು ಬೀಗಿತ್ತಿ, ಚಿತ್ರದಿಂದ ಕಣ್ಣು ತೆಗೆಯದೆ.

‘ಅದೆಲ್ಲ ಯಾಕೆ ಈಗ.’

‘ನಾಲ್ಕು ಜನರ ಮುಂದೆ ಅನ್ನಬಾರದಿತ್ತು.’ ಕನ್ನಡಕ ಸರಿಮಾಡಿಕೊಂಡು ಸೇರಿಸಿದರು: ‘ಆದರೆ ತೋಳು ಉದ್ದವೇ ಇತ್ತು ಬೀಗ್ರೇ.’

‘ನಿಮ್ಮ ಮಗನ ಕೈ ಗಿಡ್ಡ’ ಎಂದಳು ಟೈಲರಮ್ಮ. ಇಬ್ಬರೂ ನಕ್ಕ ಸದ್ದಿಗೆ ಹತ್ತಿರದ ನೀರುಕಾಗೆ ಹಾರಿಹೋಯಿತು.

ಆ ಚಿತ್ರ ಈಗ ಮಗಳ ಮನೆಯ ಗೋಡೆಯ ಮೇಲಿದೆ. ಭುಜದ ವಿಷಯವನ್ನು ಬೀಗಿತ್ತಿ ಅದೇ ವಾರ ತಾವೇ ಮಗನಿಗೆ ಹೇಳಿದರು. ಅವನು ಕೀಲಿ ಕಿತ್ತುಕೊಳ್ಳಲಿಲ್ಲ. ದಿನಾ ವ್ಯಾಯಾಮ ಮಾಡಿಸುತ್ತೇನೆಂದು ಹಠ ಹಿಡಿದ. ಬೈದುಕೊಂಡೇ ಮಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಕೈ ತಲೆಯವರೆಗೆ ಏಳತೊಡಗಿತು. ಅಷ್ಟರಲ್ಲಿ ಟೈಲರಮ್ಮ ಭಾನುವಾರದ ಜೊತೆಗೆ ಬುಧವಾರವೂ ತನ್ನ ಹೊಲಿಗೆ ಅಂಗಡಿಗೆ ರಜೆ ಕೊಟ್ಟಾಗಿತ್ತು. ‘ಒಂದು ತಾಸು ನಿಮ್ಮದು, ಒಂದು ತಾಸು ನನ್ನದು’ ಎಂಬ ಲೆನ್ಸಿನ ಒಪ್ಪಂದ ಪ್ರತಿ ಸಲವೂ ಮುರಿದುಬೀಳುತ್ತಿತ್ತು. ಹಕ್ಕಿಯೇನು ಗಡಿಯಾರ ನೋಡಿ ಬರುತ್ತದೆಯೇ?

ಒಂದು ಬುಧವಾರ ಮಗಳು ಫೋನು ಮಾಡಿದಳು. ‘ಅಮ್ಮಾ, ಎಲ್ಲಿದೀರಾ ಇಬ್ಬರೂ? ಊಟಕ್ಕೆ ಬರ್ತೀವಿ ಅಂದಿದ್ರಲ್ಲ, ಎಲ್ಲ ಆರ್ತಾ ಇದೆ.’

ಟೈಲರಮ್ಮ ಉತ್ತರ ಕೊಡುವುದರೊಳಗೆ ಪಕ್ಕದ ಸೀಟಿನಿಂದ ಒಂದು ಕೈ ಬಂದು ಅವಳ ತೋಳು ಹಿಡಿದು ಅಲ್ಲಾಡಿಸಿತು. ಜೊಂಡಿನ ತುದಿಯಲ್ಲಿ ಇವರಿಬ್ಬರೂ ಎಂದೂ ಕಂಡಿರದ ಕಂದು ಬಣ್ಣದ ಹಕ್ಕಿಯೊಂದು ಕತ್ತು ಚಾಚಿ ನಿಂತಿತ್ತು.

‘ನೀವು ಊಟ ಮಾಡಿಬಿಡಿ’ ಎಂದು ಪಿಸುಗುಟ್ಟಿ ಟೈಲರಮ್ಮ ಫೋನನ್ನು ಮಡಿಲಿಗೆ ಹಾಕಿಕೊಂಡು ಲೆನ್ಸಿಗೆ ಕೈ ಚಾಚಿದಳು. ಬೀಗಿತ್ತಿ ಬಿಟ್ಟುಕೊಡಲಿಲ್ಲ.