ಬೀಜಿಂಗಿನಲ್ಲಿ ಕಂಡ ರಾಣಿ

ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿ ಗಂಡ-ಹೆಂಡತಿ ಸಮೇತ ಚೀನಾಕ್ಕೆ ಕರೆದೊಯ್ಯಿತು. ಸವಣೂರಿನ ನಮ್ಮ ಅಂಗಡಿಗೂ ಆ ಯೋಗ ಬಂತು. ಮೂರು ದಿನ ಬರೀ ಗೋಡೆ, ಅರಮನೆ, ಮೆಟ್ಟಿಲು. ನನ್ನ ಮೊಣಕಾಲು ಸೋತು ಸುಣ್ಣವಾಗಿದ್ದವು. ನಾಲ್ಕನೆಯ ಸಂಜೆ ಬೀಜಿಂಗಿನಲ್ಲಿ ಅವರ ಹಳೇ ಕಾಲದ ಹಾಡುನಾಟಕ ಇದೆ ಎಂದಾಗ, ಕೂಡ್ರಲು ಕುರ್ಚಿಯಾದರೂ ಸಿಕ್ಕೀತು ಎಂದು ಹೋದೆ.

ತಾಳ, ಜಾಗಟೆ ಒಮ್ಮೆಲೇ ಬಡಿದವು. ನಮ್ಮ ಮನೆಯವರು ಬೆನ್ನು ನೆಟ್ಟಗೆ ಮಾಡಿ ಕುಳಿತರು. ಪಕ್ಕದಲ್ಲಿದ್ದ ಹುಲಗೂರಿನ ಅಂಗಡಿಯ ಖಾದರಸಾಬರು, "ಮಹಾಲಿಂಗಪ್ಪಾರ, ಥೇಟ್ ನಮ್ಮ ದೊಡ್ಡಾಟ ಇದ್ದಂಗ ಐತಲ್ರಿ!" ಅಂದರು. ಇವರು ನನ್ನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ದೊಡ್ಡಾಟದ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವುದಿಲ್ಲ. ಅದಕ್ಕೆ ಕಾರಣ ನಾನೇ.

ನಮ್ಮ ಮದುವೆಯ ಹೊಸತರಲ್ಲಿ ಇವರು ಹತ್ತಿಮತ್ತೂರಿನ ದೊಡ್ಡಾಟದಲ್ಲಿ ರಾಣಿಯ ವೇಷ ಕಟ್ಟುತ್ತಿದ್ದರು. ನೋಡಲು ಹತ್ತೂರಿನ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ನನ್ನ ಕಿವಿಗೆ ಬಿದ್ದದ್ದು ಮಾತ್ರ ನಳದ ಮುಂದಿನ ಹೆಂಗಸರ ಮಾತು: "ಹಾಲವ್ವಾ, ನಿನಗಿಂತ ನಿನ್ನ ಗಂಡನ ಛಂದ ಸೀರಿ ಉಡ್ತಾನಲ್ಲ!" ಮೈಯೆಲ್ಲ ಉರಿದುಹೋಯಿತು. ನನ್ನ ತಾಳಿ ಮುಟ್ಟಿಸಿ, ಇನ್ನು ಬಣ್ಣ ಹಚ್ಚುವುದಿಲ್ಲವೆಂದು ಆಣೆ ಮಾಡಿಸಿಕೊಂಡೆ. ವೇಷದ ಸೀರೆಗಳನ್ನು ಹರಿದು ಕೌದಿ ಹೊಲಿದೆ. ಇವರು ಅದೇ ಕೌದಿ ಹೊದ್ದು ಮಲಗಿದರು. ಮೂವತ್ತೊಂದು ವರ್ಷವಾಯಿತು. ಮಕ್ಕಳಿಗೂ ಇದು ಗೊತ್ತಿಲ್ಲ.

ರಂಗದ ಮೇಲೆ ಎಳೆಯ ರಾಣಿಯೊಬ್ಬಳು ತವರು ಬಿಟ್ಟು ಹೊರಟಿದ್ದಳು. ಭಾಷೆ ಒಂದಕ್ಷರವೂ ತಿಳಿಯದು. ಆದರೂ ಅವಳು ಹೊಸ್ತಿಲಲ್ಲಿ ತಿರುಗಿ ನೋಡಿ, ಅಂಗಿಯ ಉದ್ದನೆಯ ತೋಳಿನಿಂದ ಕಣ್ಣೊರೆಸಿಕೊಂಡಾಗ ನನಗೂ ಅಳು ಉಕ್ಕಿ ಬಂತು.

"ಯಾರ ಮಗಳೋ ಏನೋ. ಹಡದಾಕಿ ಪುಣ್ಯಾ ಮಾಡ್ಯಾಳ್ರಿ," ಅಂದೆ.

"ಮಗಳಲ್ಲ, ಮಗ," ಅಂದರು ಇವರು, ರಂಗದಿಂದ ಕಣ್ಣು ಕೀಳದೆ.

"ನಿಮಗ ಹೆಂಗ ಗೊತ್ತಾತ್ರಿ?"

"ಹೆಣ್ಮಕ್ಕಳು ಹಿಂಗ ನಡಿಯೂದಿಲ್ಲ. ಹೆಣ್ಮಕ್ಕಳು ಹೆಂಗ ನಡೀತಾರಂತ ವರ್ಷಗಟ್ಲೆ ನೋಡಿ ಕಲ್ತಾವ ಅಷ್ಟ ಹಿಂಗ ನಡೀತಾನ."

ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಕಣ್ಣು ತುಂಬಿದ್ದವು. ನಮ್ಮ ಅತ್ತೆ ತೀರಿಕೊಂಡ ದಿನ ಬಿಟ್ಟರೆ ಆ ಕಣ್ಣಲ್ಲಿ ನಾನು ನೀರು ಕಂಡವಳಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು. ನಾಲ್ಕು ಜನರ ಬಾಯಿಗೆ ಹೆದರಿ ಎಂಥ ವಿದ್ಯೆಯನ್ನು ಮಣ್ಣುಪಾಲು ಮಾಡಿದ್ದೆ!

ಆಟ ಮುಗಿದ ಮೇಲೆ ಆ ರಾಣಿ ಬಣ್ಣದಲ್ಲೇ ಹೊರಬಂದು ಎಲ್ಲರ ಜೊತೆ ಫೋಟೋಗೆ ನಿಂತ. ಐವತ್ತು ದಾಟಿದ, ಗಡಸು ದನಿಯ ಗಂಡಸು. ಇವರು ಮಾತ್ರ ದೂರದ ಕಂಬಕ್ಕೆ ಒರಗಿ ನೋಡುತ್ತಿದ್ದರು. ನಾನು ಕೈ ಹಿಡಿದು ಮುಂದಕ್ಕೆ ಎಳೆತಂದೆ.

"ಖಾದರಸಾಬ್ರ, ಆ ಗೈಡಗ ಹಿಂದಿಯೊಳಗ ಹೇಳ್ರಿ. ನಮ್ಮ ಮನಿಯವ್ರೂ ರಾಣಿ ವೇಷಾ ಕಟ್ತಿದ್ರು. ಹತ್ತೂರಾಗ ಹೆಸರು ಮಾಡಿದ್ರು."

ನಮ್ಮ ಕಡೆಯ ಅಂಗಡಿಯವರೆಲ್ಲ ತಿರುಗಿ ನೋಡಿದರು. ನೋಡಲಿ. ಖಾದರಸಾಬರು ಗೈಡಿಗೆ ಹೇಳಿದರು, ಗೈಡ್ ಆ ನಟನಿಗೆ ಹೇಳಿದ. ನಟ ಇವರಿಗೆ ಬಾಗಿ ನಮಸ್ಕರಿಸಿ, ಒಂದಿಷ್ಟು ತೋರಿಸಿ ಎಂದು ಕೈಸನ್ನೆ ಮಾಡಿ ಜಾಗ ಬಿಟ್ಟ.

ಇವರು ನನ್ನ ಮುಖ ನೋಡಿದರು. "ಆಣಿ ಐತೆಲ್ಲ?"

"ಹಾಕಿಸಿದಾಕಿ ನಾನ. ಈಗ ತಗದೇನಿ. ಮಾಡ್ರಿ."

"ಎಲ್ಲಾ ಮರತೇನಿ, ಹಾಲವ್ವಾ."

ನಾನು ಹೊದ್ದಿದ್ದ ಶಾಲು ತೆಗೆದು ಅವರ ಹೆಗಲಿಗೆ ಸೆರಗಿನಂತೆ ಇಳಿಬಿಟ್ಟೆ. ಅವರ ಕೈ ತಾನಾಗಿಯೇ ಅದರ ಅಂಚು ಹಿಡಿಯಿತು. ತಲೆ ಒಂದಿಷ್ಟು ವಾಲಿತು. ಆಮೇಲೆ ನಾಲ್ಕೇ ಹೆಜ್ಜೆ ನಡೆದರು. ಫೋಟೋಗೆ ನಿಂತವರು ಸರಿದು ದಾರಿ ಬಿಟ್ಟರು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಆಟವನ್ನು ನಾನು ನೋಡಿದ್ದು ಅದೇ ಮೊದಲು.