ಬೋರ್ಡಿನ ಬುಡದ ಎಮ್ಮೆ

ಐಗಳಿ ಊರಿನ ಭೀಮಾಬಾಯಿಗೆ ಇದ್ದದ್ದು ಒಂದೇ ಎಮ್ಮೆ. ಪಂಢರಪುರಿ ಜಾತಿಯದು, ಕೊಂಬುಗಳು ಕತ್ತಿಯಂತೆ ಬಾಗಿ ಬೆನ್ನು ಮುಟ್ಟುತ್ತಿದ್ದವು. ಹಾಲನ್ನೆಲ್ಲ ಡೇರಿಗೇ ಹಾಕುತ್ತಿದ್ದಳು. ಈ ಸಲದ ಬಿಲ್ಲಿನಲ್ಲಿ ಹೊಸ ಕಡಿತವೊಂದು ಕಂಡಿತು. ಗಂಡ ಜಕ್ಕಪ್ಪ ಓದಿ ಹೇಳಿದ: "ಜಾಹೀರಾತು ವಂತಿಗೆ."

"ಹಂಗಂದ್ರ?"

"ನಿನ್ನ ಹಾಲ ಚಲೋ ಐತಿ ಅಂತ ಮಂದಿಗೆ ಹೇಳಾಕ ನಿನ್ನ ಕಡೆನ ರೊಕ್ಕ ತಗೊಂಡಾರ."

ಭೀಮಾಬಾಯಿ ಸೆರಗು ಬಿಗಿದು ಡೇರಿಗೆ ನಡೆದಳು. ಸೂಪರ್‌ವೈಜರ್ ಸುಜಯನ ಮಾತು ಬೆಣ್ಣೆಯಂಥದು. "ಕಾಕೂ, ಎಲ್ಲಾರ್ದೂ ಹಿಡದೇವ್ರಿ. ಕ್ರಾಸಿನ್ಯಾಗ ದೊಡ್ಡ ಬೋರ್ಡ್ ಹಾಕೇವಿ, ನೋಡಿಲ್ಲೇನ್ರಿ? ಅದು ನಿಮ್ದ ಬೋರ್ಡ್ ಅಂತ ತಿಳೀರಿ."

"ನಂದ?"

"ನಿಮ್ದ ರೀ!"

ಅವನು ಹಾಗೆ ಅನ್ನಬಾರದಿತ್ತು.

ಭೀಮಾಬಾಯಿ ಕ್ರಾಸಿಗೆ ಹೋಗಿ ತಲೆಯೆತ್ತಿ ನೋಡಿದಳು. ಹಿಮದ ಗುಡ್ಡ, ಹಸಿರು ಹುಲ್ಲು, ಕೊರಳಿಗೆ ಗಂಟೆ ಕಟ್ಟಿಕೊಂಡು ನಗುವ ಪರದೇಶದ ಆಕಳು. ಎಮ್ಮೆಯ ಬಾಲವೂ ಇಲ್ಲ. ತನ್ನ ರೊಕ್ಕದಲ್ಲಿ ಯಾರದೋ ಆಕಳು ಮೆರೆಯುವುದು ಕಂಡು ಅವಳ ಹೊಟ್ಟೆ ಉರಿಯಿತು.

ಕೊಲ್ಲಾಪುರದ ತಂಗಿಯ ಮನೆಗೆ ಹೋದಾಗ ಅವಳು ಒಂದು ಸಂಗತಿ ನೋಡಿದ್ದಳು. ಅಲ್ಲಿ ಮಂದಿ ರಸ್ತೆಬದಿ ನಿಂತು, ಕಣ್ಣೆದುರೇ ಹಿಂಡಿಸಿಕೊಂಡು ನೊರೆಹಾಲು ಕುಡಿಯುತ್ತಾರೆ. ಮರುದಿನ ಬೆಳಿಗ್ಗೆ ಬೋರ್ಡಿನ ಕಂಬಕ್ಕೆ ಎಮ್ಮೆ ಕಟ್ಟಿ, ಗ್ಲಾಸು ಜೋಡಿಸಿ ಕುಳಿತಳು. ಮಿರಜ ಕಡೆ ಹೊರಟಿದ್ದ ಜೀಪೊಂದು ನಿಂತಿತು. ಡ್ರೈವರ್ ಮೇಲೆ ಆಕಳನ್ನೂ ಕೆಳಗೆ ಎಮ್ಮೆಯನ್ನೂ ನೋಡಿ, ಈ ಬೋರ್ಡು ನಿಮ್ಮದೇನು ಎಂದು ಮರಾಠಿಯಲ್ಲಿ ಕೇಳಿದ. "ಹೋ, ಮಾಝಾಚ!" ಹೌದು, ನನ್ನದೇ ಎಂದು ಎದೆಯುಬ್ಬಿಸಿ ಹೇಳಿದಳು. ಜೀಪಿನವರೆಲ್ಲ ಇಳಿದು ಕುಡಿದರು.

ದಿನಾ ಬೆಳಗಿನ ಹಾಲೆಲ್ಲ ಕ್ರಾಸಿನಲ್ಲೇ ಮಾರಿಹೋಗಿ ಸಂಜೆಯ ಹಾಲು ಮಾತ್ರ ಡೇರಿಗೆ ಬರತೊಡಗಿದಾಗ ಸುಜಯ ಬೈಕ್ ಏರಿ ಓಡಿಬಂದ.

"ಕಾಕೂ, ನಮ್ಮ ಬೋರ್ಡಿನ ಬುಡಕ ನೀವು ಹಾಲ ಮಾರೂದಂದ್ರ ಹೆಂಗ್ರಿ?"

"ನಂದ ಬೋರ್ಡ್ ಅಂದಾಂವ ಯಾರೋ ತಮ್ಮಾ?"

ಹಾಲು ಕುಡಿಯುತ್ತಿದ್ದವರು ಗೊಳ್ಳೆಂದರು. ಸುಜಯ ದನಿ ತಗ್ಗಿಸಿದ. "ನಿಮ್ಮೊಬ್ಬರ ವಂತಿಗಿ ತಗದಬಿಡ್ತೀನ್ರಿ. ಎಮ್ಮಿ ಬಿಚ್ಚಕೊಂಡ ಹೋಗ್ರಿ."

ಪಕ್ಕದಲ್ಲಿ ಗ್ಲಾಸು ತೊಳೆಯುತ್ತಿದ್ದ ಜಕ್ಕಪ್ಪ ಎಮ್ಮೆ ಬಿಚ್ಚಲು ಹಗ್ಗಕ್ಕೆ ಕೈಹಾಕಿದ. ಭೀಮಾಬಾಯಿ ಅವನ ಕೈ ಸರಿಸಿ ಸುಜಯನಿಗೆ ಹೇಳಿದಳು: "ತಗೀಬ್ಯಾಡ. ವಂತಿಗಿ ಹಿಡಕೋ. ಆದ್ರ ಆ ಆಕಳಾ ಅಳಸಿ ನಮ್ಮ ಎಮ್ಮಿ ಚಿತ್ರಾ ಹಾಕ್ಸು."

ಈ ಮಾತು ಊರೆಲ್ಲ ಹಬ್ಬಿತು. ವಂತಿಗೆ ಕೊಟ್ಟವರೆಲ್ಲ ತಂತಮ್ಮ ಎಮ್ಮೆ, ಆಕಳುಗಳ ಫೋಟೊ ಹಿಡಿದು ಡೇರಿಯ ಮುಂದೆ ಸಾಲುಗಟ್ಟಿದರು. ಬೀರದೇವನೆಂಬವನು ತನ್ನ ಹೋರಿಯ ಫೋಟೊ ತಂದಿದ್ದ. ಹೋರಿ ಎಲ್ಲಿ ಹಾಲು ಕೊಡುತ್ತದೆಂದು ಸುಜಯ ರೇಗಿದರೆ, "ಇದು ಇಲ್ದ ಹಾಲ ಎಲ್ಲಿಂದ ಬರ್ತೈತ್ರಿ?" ಎಂದ.

ಡೇರಿಯವರು ಸುಸ್ತಾದರು. ಮುಂದಿನ ಬಿಲ್ಲಿನಲ್ಲಿ ಊರಿನ ಯಾರಿಗೂ ವಂತಿಗೆ ಇರಲಿಲ್ಲ. ಬೋರ್ಡನ್ನೂ ಇಳಿಸಿಕೊಂಡು ಹೋದರು. ಆದರೆ ಅಷ್ಟರಲ್ಲಿ ಹಾದಿಯವರಿಗೆ ಜಾಗ ರೂಢಿಯಾಗಿತ್ತು. ಗ್ಲಾಸು ತೊಳೆದೂ ತೊಳೆದೂ ಜಕ್ಕಪ್ಪನಿಗೆ ಹೊಲದ ಕಡೆ ಹೋಗಲು ಪುರುಸೊತ್ತೇ ಇಲ್ಲ.