ವಿಭೂತಿ ಹಚ್ಚಿಸಿಕೊಂಡ ಫ್ಲಾಪಿ

ನಾನು ಒಂದು ಫ್ಲಾಪಿ. ಈಗಿನವರಿಗೆ ನನ್ನ ಪರಿಚಯ ಇರಲಿಕ್ಕಿಲ್ಲ. ಅಂಗೈಯಗಲದ ಕಪ್ಪು ಪ್ಲಾಸ್ಟಿಕ್ ಕವಚ, ಅದಕ್ಕೊಂದು ಸರಿಯುವ ತಗಡಿನ ಬಾಗಿಲು, ಒಳಗೆ ತೆಳ್ಳನೆಯ ದುಂಡು ಹಾಳೆ. ಇಷ್ಟೇ ನನ್ನ ಸಂಸಾರ.

ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ಜೀವ ಬಂದದ್ದು ಮಾತ್ರ ಬಾಗಲಕೋಟೆಯಲ್ಲಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಚಳಗೇರಿ ಮಾಸ್ತರರ ಕೈಯಲ್ಲಿ. ಗುಳೇದಗುಡ್ಡದ ನೇಕಾರರಿಗೆಂದು ಅವರು ಒಂದು ಪ್ರೋಗ್ರಾಂ ಬರೆದು ನನ್ನ ಹೊಟ್ಟೆಗೆ ಹಾಕಿದರು. ಪರದೆಯ ಮೇಲೆ ಚೌಕ ತುಂಬಿ ಹೂ ಬಿಡಿಸಿದರೆ ಸಾಕು, ಮಗ್ಗದ ರಟ್ಟುಗಳಿಗೆ ಎಲ್ಲೆಲ್ಲಿ ತೂತು ಹೊಡೆಯಬೇಕೆಂದು ಅದು ಹೇಳುತ್ತಿತ್ತು. ಆ ತೂತಿನ ಪ್ರಕಾರ ಮಗ್ಗ ಹೂ ನೇಯುತ್ತಿತ್ತು.

ನಾನು ಹೋಗಿ ಸೇರಿದ್ದು ಕುಪ್ಪಸಕ್ಕೆ ಕಣದ ಬಟ್ಟೆ ನೇಯುವ ನಿಂಬೆವ್ವನ ಮನೆ. ಆಕೆಗೆ ಇಂಗ್ಲಿಷ್ ಬಾರದು. ಆದರೇನು, ನೂಲು ಎಣಿಸಲು ಬರುತ್ತಿತ್ತಲ್ಲ! ತೀರಿಹೋದ ತಾಯಿಯ ಹಳೇ ಕುಪ್ಪಸ ಮಡಿಲಲ್ಲಿಟ್ಟುಕೊಂಡು, ಸೂಜಿಮೊನೆಯಲ್ಲಿ ಎಳೆ ಎಣಿಸಿ ಎಣಿಸಿ, ಹನ್ನೊಂದು ದಿನ ಕಂಪ್ಯೂಟರಿನ ಮುಂದೆ ಕುಳಿತು ಅದರ ಹೂವನ್ನು ನನ್ನೊಳಗೆ ತುಂಬಿದಳು. ‘ಅವ್ವ’ ಎಂದೇ ಹೆಸರಿಟ್ಟಳು. ಕುಪ್ಪಸ ಕೆಲವು ವರ್ಷಕ್ಕೆ ಮಡಿಕೆಯಲ್ಲೇ ಪುಡಿಯಾಯಿತು. ಆ ಹೂವಿಗೆ ಉಳಿದ ಊರು ನಾನೊಬ್ಬನೇ. ನನಗೆ ಸ್ವಲ್ಪ ಜಂಬವೂ ಬಂತೆನ್ನಿ.

ಜಂಬ ಎಷ್ಟು ದಿನ? ನಿಂಬೆವ್ವನ ಮೈದುನ ಶಿವಪುತ್ರ ಹೊಸ ಕಂಪ್ಯೂಟರ್ ತಂದ. ಆ ಮಹಾರಾಯನಿಗೆ ನನ್ನನ್ನು ನುಂಗುವ ಬಾಯಿಯೇ ಇಲ್ಲ! ಶಿವಪುತ್ರ ಹೇಗೋ ನನ್ನೊಳಗಿನದನ್ನೆಲ್ಲ ಅದಕ್ಕೆ ದಾಟಿಸಿದರೆ, ‘ಈ ಪ್ರೋಗ್ರಾಂ ಇಲ್ಲಿ ನಡೆಯುವುದಿಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳಿತು. ಅದರದೇ ಬಣ್ಣಬಣ್ಣದ ಹೊಸ ಪ್ರೋಗ್ರಾಂ ಬಂತು. ಹಳೇ ಕಂಪ್ಯೂಟರ್ ಅಟ್ಟ ಸೇರಿತು. ನಾನು ದೇವರ ಜಗಲಿ ಸೇರಿದೆ.

ಅಲ್ಲಿ ಶುರುವಾಯಿತು ನೋಡಿ ನನ್ನ ಪೂಜೆ. ಪ್ರತಿವರ್ಷ ಆಯುಧಪೂಜೆಗೆ ಮಗ್ಗ, ಲಾಳಿ, ಕತ್ತರಿಗಳ ಸಾಲಿನಲ್ಲಿ ನನಗೂ ಜಾಗ. ಕವಚದ ಮೇಲೆ ಹಚ್ಚಿದ್ದರೆ ಚಿಂತೆಯಿರಲಿಲ್ಲ. ನಿಂಬೆವ್ವ ಭಕ್ತಿಯಿಂದ ತಗಡಿನ ಬಾಗಿಲು ಸರಿಸಿ, ಒಳಗಿನ ಹಾಳೆಗೇ ಮೂರು ಬೆರಳ ವಿಭೂತಿ ಎಳೆದು, ನಡುವೆ ಕುಂಕುಮ ಇಡುತ್ತಿದ್ದಳು. ಒಂದಲ್ಲ ಎರಡಲ್ಲ, ಎಂಟು ವರ್ಷ! ಬೇಡ ತಾಯೀ ಎನ್ನಲು ನನಗೆಲ್ಲಿದೆ ಬಾಯಿ?

ಹೀಗಿರುವಾಗ ನಿಂಬೆವ್ವನ ಮಗಳು ದಾಕ್ಷಾಯಣಿಗೆ ಏಳು ತಿಂಗಳು ತುಂಬಿತು. ತವರಿನಲ್ಲಿ ಕುಬಸದ ಕಾರ್ಯ. ಬಸುರಿಗೆ ಹೊಸ ಕಣ ಕೊಟ್ಟು ಉಡಿ ತುಂಬಬೇಕು.

“ಅವ್ವಾ, ನನಗ ಅಜ್ಜೀ ಹೂವಿಂದs ಕಣ ಬೇಕು ನೋಡು. ಸಣ್ಣಾಕಿ ಇದ್ದಾಗಿಂದ ಕೊಡ್ತೀನಿ ಅಂತ ಹೇಳ್ಕೋತ ಬಂದೀದಿ” ಎಂದಳು ದಾಕ್ಷಾಯಣಿ.

ಶಿವಪುತ್ರ ಹೊಸ ಪ್ರೋಗ್ರಾಮಿನಲ್ಲಿ ‘ಅವ್ವ’ನನ್ನು ತೆರೆಯಲು ನೋಡಿದ. ಗುರುತು ಸಿಗಲಿಲ್ಲವಂತೆ. ಕಂಪನಿಗೆ ಫೋನ್ ಮಾಡಿದರೆ, ಹಳೆಯದಕ್ಕೆಲ್ಲ ಬೆಂಬಲ ನಿಲ್ಲಿಸಿದ್ದೇವೆ ಎಂದರು. ಕುಬಸಕ್ಕೆ ಉಳಿದದ್ದು ಹದಿನೈದೇ ದಿನ. ಅಟ್ಟದ ಕಂಪ್ಯೂಟರ್ ಇಳಿಸಿ ಧೂಳು ಝಾಡಿಸಿದರು. ಅದೇನೋ ಗುರ್ ಎಂದು ಎದ್ದಿತು. ಆದರೆ ಹೊಸದರಲ್ಲಿದ್ದ ನಕಲನ್ನು ಮತ್ತೆ ಫ್ಲಾಪಿಗೆ ತುಂಬಿಕೊಡುವವರು ಈಗ ಯಾರೂ ಇರಲಿಲ್ಲ; ನಾನೇ ಗತಿ. ನನ್ನನ್ನು ತರಲು ಜಗಲಿಗೆ ಕೈಹಾಕಿದ ಶಿವಪುತ್ರ ಹಣೆ ಹಣೆ ಬಡಿದುಕೊಂಡ.

“ವೈನೀ, ಇದಕ್ಕ ಫ್ಲಾಪಿ ಅಂತಾರೋ, ವಿಭೂತಿ ಗಟ್ಟಿ ಅಂತಾರೋ?”

ನಿಂಬೆವ್ವ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. “ನನ್ನ ಕೈಯಾರ ನಮ್ಮವ್ವನ್ನ ಅಳಿಸಿಬಿಟ್ಟೆನೋ ತಮ್ಮಾ!” ಆಕೆ ಪ್ರೀತಿಯಿಂದಲೇ ಮಾಡಿದ್ದಲ್ಲವೇ?

ಕೊನೆಗೆ ಚಳಗೇರಿ ಮಾಸ್ತರರಿಗೇ ಹೇಳಿಕಳಿಸಿದರು. ಎಂಬತ್ತರ ಹತ್ತಿರದ ಮುದುಕರು, ಬಸ್ಸಿಳಿದು ಕೋಲೂರಿಕೊಂಡು ಬಂದೇಬಿಟ್ಟರು. ನನ್ನನ್ನು ತಿರುವಿ ತಿರುವಿ ನೋಡಿ ಗಹಗಹಿಸಿ ನಕ್ಕರು.

“ಅಳಬ್ಯಾಡವಾ, ದೇವರು ಇದರ ಮ್ಯಾಲೆ ಕುಂತಾನ ಅಷ್ಟs, ಒಳಗ ಇಳಿದಿಲ್ಲ” ಎಂದವರೇ ಕವಚ ಬಿಡಿಸಿ, ನನ್ನ ಹಾಳೆಯನ್ನು ಬೆಚ್ಚನೆ ನೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ತಾವು ತಂದಿದ್ದ ಇನ್ನೊಂದು ಖಾಲಿ ಫ್ಲಾಪಿಯ ಕವಚಕ್ಕೆ ಸೇರಿಸಿದರು. ಮುಪ್ಪಿನಲ್ಲಿ ನನಗೆ ಸ್ನಾನವೂ ಆಯಿತು, ಹೊಸ ಅಂಗಿಯೂ ಆಯಿತು. ಹಳೇ ಕಂಪ್ಯೂಟರಿನ ಬಾಯಿಗೆ ಹೋದೆ. ಕಿರ್ ಕಿರ್ ಎಂದು ಎರಡು ಸಲ ಕೆಮ್ಮಿದೆ. ಮೂರನೆಯ ಸಲಕ್ಕೆ ಪರದೆಯ ಮೇಲೆ ಹೂವು ಅರಳಿತು.

“ಬಂದ್ಯಾ ಯವ್ವಾ!” ಎಂದು ನಿಂಬೆವ್ವ ಪರದೆಯ ಮೇಲೆ ಕೈಯಾಡಿಸಿದಳು.

ಆದರೆ ಹೊಸದಕ್ಕೆ ನನ್ನ ಭಾಷೆ ಬಾರದಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರು. ನನ್ನ ಮುಂದೆ ಬಸುರಿ ಮಗಳು ಕುಳಿತು, “ಮೂರು ಕೆಂಪು, ಒಂದು ಬಿಡು, ಎರಡು ಕೆಂಪು” ಎಂದು ಎಣಿಸುವುದು, ತಾಯಿ ಹೊಸದರಲ್ಲಿ ಚೌಕ ತುಂಬುವುದು. ಮೂರು ದಿನಕ್ಕೆ ಹೂವು ನನ್ನಿಂದ ಅಲ್ಲಿಗೆ ನಡೆದುಹೋಯಿತು. ಹೊಟ್ಟೆಕಿಚ್ಚಾಯಿತೇ? ಸುಳ್ಳೇಕೆ ಹೇಳಲಿ, ಚೂರು ಆಯಿತು. ಆದರೆ ಕುಬಸದ ದಿನ ದಾಕ್ಷಾಯಣಿಯ ಉಡಿಯಲ್ಲಿ ಆ ಕಣ ಕಂಡಾಗ ಎಲ್ಲ ಮರೆತೆ.

ಈಗ ಮತ್ತೆ ಜಗಲಿಯಲ್ಲಿ ಹಾಯಾಗಿದ್ದೇನೆ. ಆಯುಧಪೂಜೆಗೆ ನಿಂಬೆವ್ವ ನನ್ನ ಕವಚದ ಮೂಲೆಗೆ ಮಾತ್ರ ಒಂದು ಚುಕ್ಕೆ ಇಡುತ್ತಾಳೆ. ಇನ್ನೊಂದು ಕೆಲಸವನ್ನೂ ಮಾಡಿದ್ದಾಳೆ: ಆ ಹೂವನ್ನು ಚೌಕದ ಹಾಳೆಯ ಮೇಲೆ ತನ್ನ ಕೈಯಿಂದಲೇ ಬರೆದು, ಮೊಮ್ಮಗಳ ತೊಟ್ಟಿಲ ಬಟ್ಟೆಗಳ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ.

“ಹೊಸಾ ಕಂಪ್ಯೂಟರಿನಾಗ ಐತೆಲ್ಲ, ಮತ್ಯಾಕ ವೈನೀ?” ಎಂದ ಶಿವಪುತ್ರ.

“ಇದೂ ಒಂದಿನ ಅಟ್ಟಾ ಹತ್ತೂದs ತಮ್ಮಾ. ಅವತ್ತು ಈ ಕೂಸು ಎಣಿಸಬೇಕಲ್ಲ” ಎಂದಳು ನಿಂಬೆವ್ವ.

ಹೊಸ ಕಂಪ್ಯೂಟರ್ ಪಕ್ಕದಲ್ಲೇ ಇತ್ತು. ಪಾಪ, ಅದಕ್ಕೂ ಕೇಳಿಸಿರಬೇಕು. ಬಾರಪ್ಪಾ, ಜಗಲಿಯ ಮೇಲೆ ನಿನಗೂ ಜಾಗವಿದೆ ಎಂದೆ.